ಕಾರವಾರ ಕರಾವಳಿಯ ಮಾದರಿಗಳಲ್ಲಿ ಟೆಮೋರಾ: ಟರ್ಬಿನೇಟಾ ಎಂದು ಖಚಿತಪಡಿಸುವುದು ಹೇಗೆ? ಜನವರಿಯಲ್ಲಿ ಯಾಕೆ ಕಾಣುತ್ತಿಲ್ಲ?

ಅಳಿವೆ ಅವರು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಹೊನ್ನಾವರದವರೆಗೆ 10ರಿಂದ 20 ಮೀಟರ್ ಆಳದ ನೀರಿನಲ್ಲಿ ಎಳೆದ ಪ್ಲವಕ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಮಾದರಿಗಳನ್ನು ನೋಡುತ್ತಿದ್ದೇನೆ. ಬಲೆಯ ಬಾಯಿ 50 ಸೆಂ.ಮೀ., ಕಣ್ಣು 200 ಮೈಕ್ರಾನ್, 5 ನಿಮಿಷದ ಮೇಲ್ಮೈ ಎಳೆತ, ಫಾರ್ಮಲಿನ್‌ನಲ್ಲಿ ಇಟ್ಟ ಮಾದರಿ.

ಸೆಪ್ಟೆಂಬರಿನ ಬಾಟಲಿಗಳಲ್ಲಿ ಒಂದು ಕೋಪೆಪಾಡ್ (ಸಿಗಡಿ, ಏಡಿಗಳ ಬಳಗದ ಪುಟ್ಟ ಪ್ರಾಣಿ) ಎಲ್ಲಕ್ಕಿಂತ ಹೆಚ್ಚಿದೆ. ಉದ್ದ ಸುಮಾರು 1.5 ಮಿ.ಮೀ., ಮುಂಭಾಗ ಅಗಲ, ಹಿಂದೆ ಸಪೂರ, ಬಾಲದ ಎರಡು ಕವಲು ಕಡ್ಡಿಯಂತೆ ಉದ್ದ. ಟೆಮೋರಾ ಕುಲ ಎಂಬುದರಲ್ಲಿ ಅನುಮಾನ ಇಲ್ಲ. ಪ್ರಭೇದದ ವಿಷಯಕ್ಕೆ ಬಂದಾಗ ಕೈಯಲ್ಲಿರುವ ಕೀ (ಲಕ್ಷಣ ನೋಡಿ ಪ್ರಭೇದ ಗುರುತಿಸುವ ಪಟ್ಟಿ) ಹಿಡಿದು ಹೋದರೆ ಕೆಲವು ಟೆಮೋರಾ ಲಾಂಗಿಕಾರ್ನಿಸ್‌ಗೆ ಹೋಗಿ ನಿಲ್ಲುತ್ತವೆ, ಕೆಲವು ಡಿಸ್ಕಾಡೇಟಾ ಕಡೆ ವಾಲುತ್ತವೆ. ಟರ್ಬಿನೇಟಾ ಎಂದು ಬರೆಯಲು ಯಾವ ಭಾಗ ನೋಡಿದರೆ ಸಾಕು?

ಇನ್ನೊಂದು: ಅದೇ ಜಾಗಗಳ ಜನವರಿ ಮಾದರಿಯಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. "ಮಳೆಗಾಲದ ಪ್ರಭೇದ" ಎಂದು ಬರೆದುಬಿಡಬಹುದೇ? ಪ್ರತಿ ಘನ ಮೀಟರಿನ ಲೆಕ್ಕವನ್ನೂ ಒಮ್ಮೆ ವಿವರಿಸಿದರೆ ಉಪಕಾರ.

---

ಸೂಜಿಮೊನೆ ಅವರ ಉತ್ತರ

ಮೊದಲು ಲಾಂಗಿಕಾರ್ನಿಸ್ ಅನ್ನು ಪಟ್ಟಿಯಿಂದ ತೆಗೆಯಿರಿ. ಅದು ಉತ್ತರ ಅಟ್ಲಾಂಟಿಕ್, ಉತ್ತರ ಸಮುದ್ರ, ಬಾಲ್ಟಿಕ್ ಕಡೆಯ ತಣ್ಣೀರಿನ ಪ್ರಾಣಿ. ನೀವು ಬಳಸಿದ ಕೀ ಯುರೋಪಿನದ್ದಿರಬೇಕು. ಲಾಂಗಿಕಾರ್ನಿಸ್‌ಗೂ ಪ್ರೊಸೋಮ್‌ನ (ದೇಹದ ಅಗಲವಾದ ಮುಂಭಾಗ) ಹಿಂದಿನ ಮೂಲೆ ದುಂಡಗೆ, ಟರ್ಬಿನೇಟಾಗೂ ದುಂಡಗೆ. ಹಾಗಾಗಿ ಟರ್ಬಿನೇಟಾ ಇಲ್ಲದ ಕೀಯಲ್ಲಿ ಅದು ಲಾಂಗಿಕಾರ್ನಿಸ್ ಆಗಿಯೇ ಹೊರಬರುತ್ತದೆ. ನಮ್ಮ ನೀರಿನಲ್ಲಿ ಬಿಡಿಸಬೇಕಾದದ್ದು ಮೂರನ್ನು: ಟರ್ಬಿನೇಟಾ, ಡಿಸ್ಕಾಡೇಟಾ, ಸ್ಟೈಲಿಫೆರಾ.

ಟೆಮೋರಾದ ದೇಹ ಮೇಲಿನಿಂದ ನೋಡಿದರೆ ಬುಗುರಿ. ತಲೆಯ ಹತ್ತಿರ ಗರಿಷ್ಠ ಅಗಲ, ಅಲ್ಲಿಂದ ಹಿಂದಕ್ಕೆ ಸಮನಾಗಿ ಕಿರಿದಾಗುತ್ತದೆ. ಪಕ್ಕದಿಂದ ನೋಡಿದರೆ ಬೆನ್ನು ಎತ್ತರಕ್ಕೆ ಬಾಗಿರುತ್ತದೆ. ಕುಲವನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕೆಂದರೆ ಈಜುಗಾಲು ನೋಡಿ. ಒಂದರಿಂದ ನಾಲ್ಕನೇ ಜೊತೆಯವರೆಗೆ ಒಳಕವಲಿಗೆ ಎರಡೇ ಗೆಣ್ಣು. ಸೆಂಟ್ರೊಪೇಜಸ್ ಎಂಬ ಇನ್ನೊಂದು ಕೋಪೆಪಾಡ್ ಕುಲದಲ್ಲಿ ಮೂರು ಇರುತ್ತವೆ, ಅದರ ಬಾಲಕವಲೂ ಇಷ್ಟು ನೀಳ ಅಲ್ಲ.

ಪ್ರಭೇದಕ್ಕೆ ಈ ಕ್ರಮದಲ್ಲಿ ಹೋಗಿ.

ಪ್ರೊಸೋಮ್‌ನ ಕೊನೆಯ ಖಂಡದ ಹಿಂದಿನ ಮೂಲೆಗಳು. ಟರ್ಬಿನೇಟಾದಲ್ಲಿ ಗಂಡಿಗೂ ಹೆಣ್ಣಿಗೂ ದುಂಡಗೆ, ಮುಳ್ಳಿಲ್ಲ. ಡಿಸ್ಕಾಡೇಟಾ, ಸ್ಟೈಲಿಫೆರಾ ಎರಡರಲ್ಲೂ ಮೂಲೆ ಹಿಂದಕ್ಕೆ ಚೂಪಾಗಿ ಮುಳ್ಳಿನಂತೆ ಚಾಚಿರುತ್ತದೆ.

ಮೂಲೆ ಚೂಪಾಗಿದ್ದರೆ ಹೆಣ್ಣಿನ ಬಾಲಕವಲು. ಸ್ಟೈಲಿಫೆರಾದಲ್ಲಿ ಎಡಬಲ ಒಂದೇ ಸಮ. ಡಿಸ್ಕಾಡೇಟಾದಲ್ಲಿ ಒಂದೇ ಸಮ ಇರುವುದಿಲ್ಲ. ಗುದಖಂಡದ ಹತ್ತಿರವೇ ಆ ಓರೆ ಶುರುವಾಗುತ್ತದೆ, ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಐದನೇ ಜೊತೆ ಕಾಲು. ಹೆಣ್ಣಿನಲ್ಲಿ ಒಂಟಿ ಕವಲು, ಮೂರು ಗೆಣ್ಣು, ಎಡಬಲ ಒಂದೇ ರೀತಿ. ಗಂಡಿನಲ್ಲಿ ಎಡಗಾಲು ದಪ್ಪ ಇಕ್ಕಳವಾಗಿ ಬದಲಾಗಿರುತ್ತದೆ, ಬಲಗಾಲು ಸರಳ, ತುದಿ ಬಾಗಿರುತ್ತದೆ. ಗಂಡಿನ ಬಲ ಮೀಸೆಯಲ್ಲಿ ಮಡಚುವ ಕೀಲೂ ಇರುತ್ತದೆ. ಆ ಮೀಸೆಯಿಂದ ಹೆಣ್ಣನ್ನು ಹಿಡಿದು, ಐದನೇ ಕಾಲಿನಿಂದ ವೀರ್ಯಕೋಶವನ್ನು ಹೆಣ್ಣಿನ ಜನನಖಂಡಕ್ಕೆ ಅಂಟಿಸುತ್ತದೆ. ಗಂಡೋ ಹೆಣ್ಣೋ ಎಂದು ಬೇಗ ತಿಳಿಯಲು ಯೂರೋಸೋಮ್‌ನ (ದೇಹದ ಹಿಂದಿನ ಸಪೂರ ಭಾಗ) ಖಂಡ ಎಣಿಸಿ: ವಯಸ್ಕ ಹೆಣ್ಣಿಗೆ 3 ಖಂಡ, ಗಂಡಿಗೆ 5.

ಈಗ ಎಡವುವ ಜಾಗ. ಸ್ಲೈಡಿನ ಮೇಲೆ ಬೆನ್ನು ಬಾಗಿರುವ ಪ್ರಾಣಿ ನೆಟ್ಟಗೆ ಕೂರುವುದಿಲ್ಲ, ಮಗ್ಗುಲಿಗೆ ಉರುಳುತ್ತದೆ. ಓರೆಯಾಗಿ ನೋಡಿದಾಗ ಡಿಸ್ಕಾಡೇಟಾದ ಮುಳ್ಳು ಯೂರೋಸೋಮ್‌ನ ಹಿಂದೆ ಅಡಗಿ ಮೂಲೆ ದುಂಡಗೆ ಕಾಣುತ್ತದೆ. "ಕೆಲವು ವಾಲುತ್ತವೆ" ಎಂದಿರಲ್ಲ, ಅರ್ಧ ಕಾರಣ ಇದೇ ಇರಬಹುದು. ಹಾಗಾಗಿ:

ಮಾದರಿಯನ್ನು ಜರಡಿಗೆ ಹಾಕಿ ಫಾರ್ಮಲಿನ್ ಪೂರ್ತಿ ಹೋಗುವಂತೆ ನೀರಿನಲ್ಲಿ ತೊಳೆಯಿರಿ. ಇದನ್ನು ಫ್ಯೂಮ್ ಹುಡ್ ಕೆಳಗೆ, ಕೈಗವಸು ಹಾಕಿಕೊಂಡೇ ಮಾಡಿ. ಒಂದೊಂದೇ ಪ್ರಾಣಿಯನ್ನು ಗುಳಿ ಇರುವ ಸ್ಲೈಡಿನಲ್ಲಿ ಲ್ಯಾಕ್ಟಿಕ್ ಆಮ್ಲದ ಹನಿಗೆ ಹಾಕಿ. ಒಳಗಿನ ಮಾಂಸ ಪಾರದರ್ಶಕವಾಗಿ ಹೊರಕವಚ ಮಾತ್ರ ಗೆರೆಗೆರೆಯಾಗಿ ಕಾಣುವವರೆಗೆ ಬಿಡಿ. ಹಳೆಯ ಮಾದರಿಗೆ ಕೆಲವು ಗಂಟೆ ಬೇಕಾಗುತ್ತದೆ, ಅವಸರ ಬೇಡ. ಕವರ್ ಗ್ಲಾಸನ್ನು ನೇರವಾಗಿ ಮುಚ್ಚಿದರೆ ಪ್ರೊಸೋಮ್ ಅಪ್ಪಚ್ಚಿಯಾಗಿ ಮೂಲೆಯ ಆಕಾರವೇ ಕೆಡುತ್ತದೆ. ಅದರ ನಾಲ್ಕು ಮೂಲೆಗೆ ಸಾಸಿವೆಗಿಂತ ಚಿಕ್ಕದಾಗಿ ಪ್ಲಾಸ್ಟಿಸಿನ್ ಇಟ್ಟು ಮುಚ್ಚಿ. ಆಮೇಲೆ ಕವರ್ ಗ್ಲಾಸನ್ನು ಬೆರಳಿನಿಂದ ಸ್ವಲ್ಪವೇ ಸರಿಸಿದರೆ ಕೆಳಗಿನ ಪ್ರಾಣಿ ಉರುಳುತ್ತದೆ. ಬೆನ್ನು, ಎಡ, ಬಲ ಮೂರೂ ಕಡೆಯಿಂದ ಮೂಲೆ ನೋಡಬಹುದು. 100 ಪಟ್ಟು ವರ್ಧನೆ ಸಾಕು.

ಐದನೇ ಕಾಲಿಗೆ ಸೂಜಿ ಬೇಕೇ ಬೇಕು. ಕೀಟಗಳಿಗೆ ಚುಚ್ಚುವ ಅತಿ ಸಣ್ಣ ಪಿನ್ನುಗಳನ್ನು ಕಡ್ಡಿಗೆ ಸಿಕ್ಕಿಸಿದರೂ ಆಯಿತು. ಒಂದು ಸೂಜಿಯಿಂದ ಪ್ರೊಸೋಮ್ ಒತ್ತಿ ಹಿಡಿದು, ಇನ್ನೊಂದನ್ನು ನಾಲ್ಕನೇ ಕಾಲಿನ ಹಿಂದೆ ಇಳಿಸಿ ಕತ್ತರಿಸಿದರೆ ಐದನೇ ಕಾಲು ಯೂರೋಸೋಮ್ ಜೊತೆಯಲ್ಲೇ ಬರುತ್ತದೆ. ಕಾಲನ್ನೇ ಹಿಡಿದು ಎಳೆದರೆ ಬುಡದ ಗೆಣ್ಣು ಒಳಗೇ ಉಳಿದು ಎಣಿಕೆ ತಪ್ಪುತ್ತದೆ. ಗೆಣ್ಣಿನ ಗೆರೆ ಮಸುಕಾಗಿದ್ದರೆ ಕ್ಲೋರಾಜೋಲ್ ಬ್ಲ್ಯಾಕ್ ಬಣ್ಣದ ತೀರಾ ತೆಳುವಾದ ದ್ರಾವಣ ಹಾಕಿ. ಹೆಚ್ಚಾದರೆ ಎಲ್ಲವೂ ಕಪ್ಪಾಗುತ್ತದೆ.

ಮೀಸೆಯ ಉದ್ದ ಮತ್ತು ಬಾಲದ ರೋಮಗಳನ್ನು ಗುರುತಿಗೆ ನೆಚ್ಚಿಕೊಳ್ಳಬೇಡಿ. ಫಾರ್ಮಲಿನ್‌ನಲ್ಲಿ ಇವು ಪೆಡಸಾಗಿ ಮೊದಲು ಮುರಿಯುತ್ತವೆ.

---

ಪಡುಗಡಲು ಅವರ ಉತ್ತರ

ಗುರುತಿನ ಬಗ್ಗೆ ಸೂಜಿಮೊನೆಯವರು ಹೇಳಿದ ಮೇಲೆ ಸೇರಿಸುವುದೇನೂ ಇಲ್ಲ. ನಾನು ನೆಲೆ ಮತ್ತು ಕಾಲದ ಬಗ್ಗೆ ಬರೆಯುತ್ತೇನೆ, "ಮಳೆಗಾಲದ ಪ್ರಭೇದ" ಎಂಬ ಮಾತು ನನಗೆ ಅಷ್ಟು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ಟರ್ಬಿನೇಟಾವನ್ನು ಮೊದಲು ವಿವರಿಸಿದವರು ಜೇಮ್ಸ್ ಡ್ವೈಟ್ ಡಾನ, 1849ರಲ್ಲಿ. ಅಮೆರಿಕದ ಅನ್ವೇಷಣಾ ಯಾನದಲ್ಲಿ ಹೋದ ವಿಜ್ಞಾನಿ ಅವರು. ಈ ಪ್ರಭೇದ ಹರಡಿರುವುದು ಉಷ್ಣ ಮತ್ತು ಉಪೋಷ್ಣ ವಲಯದ ಕರಾವಳಿ ನೀರಿನಲ್ಲಿ: ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ, ಇಂಡೊನೇಷ್ಯಾದ ಕಡಲುಗಳು, ದಕ್ಷಿಣ ಚೀನಾ ಸಮುದ್ರ, ತೈವಾನ್ ಸುತ್ತಮುತ್ತ, ಅತ್ತ ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್. ಬ್ರೆಜಿಲ್ ಕರಾವಳಿಯ ಕಥೆ ಬೇರೆ. ಅಲ್ಲಿ ಮೊದಲಿನಿಂದ ಇದ್ದದ್ದು ಸ್ಟೈಲಿಫೆರಾ. ಟರ್ಬಿನೇಟಾ 1980ರ ದಶಕದಿಂದೀಚೆಗೆ ಕಾಣಿಸಿಕೊಂಡು ಹಲವು ಕಡೆ ಅದನ್ನು ಹಿಂದಿಕ್ಕಿತು. ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಬಂದಿರಬೇಕು ಎಂಬುದು ಅಲ್ಲಿನ ಸಂಶೋಧಕರ ಊಹೆ. ಮೆಡಿಟರೇನಿಯನ್‌ಗೆ ಹೋದರೆ ಟೆಮೋರಾ ಎಂದರೆ ಹೆಚ್ಚಾಗಿ ಸ್ಟೈಲಿಫೆರಾವೇ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದರ ಹೆಚ್ಚಳಕ್ಕೆ ಅಪ್‌ವೆಲಿಂಗ್ ಜೊತೆ ನಂಟಿದೆ. ನೈಋತ್ಯ ಮಾರುತದ ಕಾಲದಲ್ಲಿ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಕರಾವಳಿಯ ಕಡೆ ಮೇಲಕ್ಕೆ ಬರುತ್ತದೆ. ಕೇರಳದ ದಕ್ಷಿಣದಲ್ಲಿ ಮೊದಲು ಶುರುವಾಗಿ ಉತ್ತರಕ್ಕೆ ಸರಿಯುತ್ತದೆ, ಉತ್ತರಕ್ಕೆ ಬಂದಷ್ಟೂ ದುರ್ಬಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಹೆಚ್ಚುತ್ತವೆ, ಅವುಗಳ ಹಿಂದೆಯೇ ಟೆಮೋರಾ. ಸಸ್ಯಪ್ಲವಕವಷ್ಟೇ ಇದರ ಆಹಾರವಲ್ಲ. ಸೀಲಿಯೇಟ್ ಎಂಬ ಏಕಕೋಶ ಜೀವಿ, ಬೇರೆ ಕೋಪೆಪಾಡ್‌ಗಳ ಮೊಟ್ಟೆ, ಮರಿ ಕೂಡ ತಿನ್ನುವ ಸರ್ವಭಕ್ಷಕ ಕುಲ ಇದು. ಮೊಟ್ಟೆಚೀಲ ಹೊರುವುದಿಲ್ಲ, ಮೊಟ್ಟೆಗಳನ್ನು ನೇರ ನೀರಿಗೆ ಬಿಡುತ್ತದೆ. ಆಮೇಲೆ ಆರು ನಾಪ್ಲಿಯಸ್ (ಮೊದಲ ಮರಿ) ಹಂತ, ಐದು ಕೋಪೆಪೊಡೈಟ್ (ಬೆಳೆಯುತ್ತಿರುವ ಎಳೆಯ) ಹಂತ, ಆರನೆಯದು ವಯಸ್ಕ. ಬೆಚ್ಚನೆ ನೀರು, ತುಂಬಾ ಆಹಾರ ಎರಡೂ ಸಿಕ್ಕಾಗ ತಲೆಮಾರುಗಳು ಬೇಗಬೇಗ ಉರುಳುತ್ತವೆ, ಸಂಖ್ಯೆ ಏರುವುದು ಹೀಗೆ. ಬಂಗುಡೆಯ ಹೊಟ್ಟೆಯಲ್ಲಿ ಕೋಪೆಪಾಡ್ ತುಂಬಿರುವುದೂ, ಭೂತಾಯಿ ಡಯಾಟಮ್ ಜೊತೆ ಇವನ್ನೂ ತಿನ್ನುವುದೂ ಮೀನುಗಾರಿಕೆ ಓದಿದವರಿಗೆ ಗೊತ್ತಿರುವ ವಿಷಯ.

ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಇನ್ನೊಂದು ಸಂಗತಿ ಸೇರುತ್ತದೆ. ಕರ್ನಾಟಕ, ಗೋವಾ ಕಡೆಯ ಕಡಲಂಚಿನಲ್ಲಿ ತಳದ ನೀರಿನ ಆಮ್ಲಜನಕ ತೀರಾ ಕುಸಿಯುತ್ತದೆ. ಮೇಲೆ ಮಳೆನೀರು ಬೆರೆತ ತೆಳು ಪದರ, ಕೆಳಗೆ ತಣ್ಣನೆಯ, ಉಸಿರು ಕಟ್ಟಿಸುವ ನೀರು. ಕೆಳಗಿನ ಪದರದಲ್ಲಿ ಇರಲಾಗದ ಪ್ರಾಣಿಗಳು ಮೇಲಿನ ಕೆಲವೇ ಮೀಟರಿನಲ್ಲಿ ಒತ್ತಾಗಿ ಸೇರುತ್ತವೆ. ಆಗ ಮೇಲ್ಮೈ ಎಳೆತದ ಸಂಖ್ಯೆ ನಿಜವಾದ ಹೆಚ್ಚಳ ಎಷ್ಟು, ಒತ್ತು ಎಷ್ಟು ಎಂದು ಬೇರ್ಪಡಿಸಿ ಹೇಳುವುದಿಲ್ಲ. ತಳದಿಂದ ಮೇಲಕ್ಕೆ ಒಂದು ಲಂಬ ಎಳೆತ ಜೊತೆಗಿದ್ದರೆ ಮಾತ್ರ ತಿಳಿಯುತ್ತದೆ. 15 ಮೀಟರ್ ನೀರಿನಲ್ಲಿ ಅದಕ್ಕೆ ಒಂದು ನಿಮಿಷವೂ ಬೇಕಿಲ್ಲ, ದಯವಿಟ್ಟು ಮಾಡಿ.

ಜನವರಿಯಲ್ಲಿ ನೀರೇ ಬೇರೆ. ಪಶ್ಚಿಮ ಕರಾವಳಿಯ ಪ್ರವಾಹ ದಿಕ್ಕು ಬದಲಿಸಿ ಉತ್ತರಕ್ಕೆ ಹರಿಯುತ್ತದೆ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ಹೊತ್ತು ತರುತ್ತದೆ. ಅಪ್‌ವೆಲಿಂಗ್ ಇಲ್ಲ, ಮೇಲ್ಪದರ ದಪ್ಪ. ಆದ್ದರಿಂದ ಟೆಮೋರಾ ಕಡಿಮೆಯಾಗುವುದು ನಿರೀಕ್ಷಿತವೇ. ಆದರೆ "ಕಡಿಮೆ" ಬೇರೆ, "ಇಲ್ಲ" ಬೇರೆ. ದಪ್ಪ ಪದರದಲ್ಲಿ ಹಗಲು ಕೆಳಗಿಳಿದ ಪ್ರಾಣಿ ಹಗಲಿನ ಮೇಲ್ಮೈ ಎಳೆತಕ್ಕೆ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲಿ ಆಮ್ಲಜನಕವೇ ಅದನ್ನು ಮೇಲೆ ಹಿಡಿದಿಟ್ಟಿತ್ತು, ಜನವರಿಯಲ್ಲಿ ಆ ತಡೆ ಇಲ್ಲ. ಎರಡು ತಿಂಗಳಿನ ಹೋಲಿಕೆ ಅಲ್ಲೇ ಸಡಿಲ.

ಮಳೆಗಾಲ ಎನ್ನುವ ಪದದ ಒಳಗೇ ಇನ್ನೊಂದು ಕೊರತೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಕಡಲೂ ರುದ್ರ. ಹೆಚ್ಚಿನವರ ಮಾದರಿ ಆಗಸ್ಟಿನ ನಂತರದ್ದು. ಅಪ್‌ವೆಲಿಂಗ್ ಏರುತ್ತಿರುವ ಎರಡು ತಿಂಗಳು ಕೈಯಲ್ಲೇ ಇಲ್ಲದಿರುವಾಗ ಇಡೀ ಮಳೆಗಾಲದ ಬಗ್ಗೆ ಹೇಳುವುದು ಹೇಗೆ? "ಮಳೆಗಾಲದ ಕೊನೆಯಲ್ಲಿ ಮೇಲ್ಮೈಯಲ್ಲಿ ಪ್ರಬಲ" ಎಂದು ಬರೆಯಿರಿ. ನಿಮ್ಮ ಮಾದರಿ ಅಷ್ಟನ್ನು ಹೇಳುತ್ತದೆ.

ಒಂದು ಸಣ್ಣ ಎಚ್ಚರ: ಮಳೆಗಾಲದಲ್ಲಿ ಕಾಳಿ, ಶರಾವತಿ ಅಳಿವೆಯ ಬಾಯಿಯಲ್ಲೇ ಎಳೆದ ಬಾಟಲಿಗಳಿದ್ದರೆ ಬೇರೆ ಇಡಿ. ಅಲ್ಲಿ ಸಿಹಿನೀರಿನ ಒತ್ತಡಕ್ಕೆ ಟೆಮೋರಾ ಹೊರಗೆ ಸರಿದಿರುತ್ತದೆ, ಅಕಾರ್ಶಿಯಾ, ಸ್ಯೂಡೋಡಯಾಪ್ಟೋಮಸ್‌ನಂಥ ಬೇರೆ ಕೋಪೆಪಾಡ್‌ಗಳು ಸಿಗುತ್ತವೆ. ಅವನ್ನು ಕಡಲ ಮಾದರಿಯೊಡನೆ ಸೇರಿಸಿ ಸರಾಸರಿ ತೆಗೆದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ.

---

ಬಲೆ200 ಅವರ ಉತ್ತರ

ಲೆಕ್ಕಕ್ಕೆ ಬರ್ತೀನಿ. ಫ್ಲೋಮೀಟರ್ (ಬಲೆಯೊಳಗೆ ಹೋದ ನೀರನ್ನು ಅಳೆಯುವ ಮೀಟರ್) ಯಾವುದು ಅಂತ ನೀವು ಹೇಳಿಲ್ಲ. ಜನರಲ್ ಓಷಿಯಾನಿಕ್ಸ್‌ನ 2030 ಮಾದರಿ, ಸಾಮಾನ್ಯ ರೋಟರ್ ಅಂತ ಇಟ್ಟುಕೊಳ್ಳೋಣ. ರೋಟರ್ ಸ್ಥಿರಾಂಕ 26,873. ಮೊದಲ ಮತ್ತು ಕೊನೆಯ ಓದಿನ ವ್ಯತ್ಯಾಸ 5,000 ಆದರೆ:

ದೂರ = 5,000 × 26,873 ÷ 999,999 = 134.4 ಮೀಟರ್
ಬಾಯಿಯ ವಿಸ್ತೀರ್ಣ (50 ಸೆಂ.ಮೀ. ವ್ಯಾಸ) = 0.196 ಚದರ ಮೀಟರ್
ಸೋಸಿದ ನೀರು = 26.4 ಘನ ಮೀಟರ್

ಮಾದರಿಯನ್ನು ಫೋಲ್ಸಮ್ ಸ್ಪ್ಲಿಟರ್ ಎಂಬ ಪಾಲು ಮಾಡುವ ಸಾಧನದಲ್ಲಿ ನಾಲ್ಕು ಸಲ ಅರ್ಧ ಮಾಡಿದರೆ 1/16 ಭಾಗ. ಅದರಲ್ಲಿ 165 ಟೆಮೋರಾ ಸಿಕ್ಕರೆ 165 × 16 ÷ 26.4 = ಘನ ಮೀಟರಿಗೆ 100. ಇಷ್ಟೇ.

ಆದರೆ ಆ 5,000 ಸರಿಯಾ ಅಂತ ನೋಡೋದು ಲೆಕ್ಕಕ್ಕಿಂತ ಮುಖ್ಯ. ದೋಣಿ 1.5 ನಾಟ್‌ನಲ್ಲಿ 5 ನಿಮಿಷ ಹೋದರೆ ಸುಮಾರು 231 ಮೀಟರ್. ಅಷ್ಟು ದೂರಕ್ಕೆ ಮೀಟರ್ 8,600ರ ಆಸುಪಾಸು ತೋರಿಸಬೇಕು. 5,000 ಬಂದಿದ್ದರೆ ಬಲೆ 58% ನೀರನ್ನಷ್ಟೇ ಒಳಗೆ ಬಿಟ್ಟಿದೆ, ಅಂದ್ರೆ ಕಟ್ಟಿಕೊಂಡಿದೆ. 85%ಗಿಂತ ಕೆಳಗೆ ಹೋದ ಎಳೆತವನ್ನು ಬಿಟ್ಟು ಇನ್ನೊಮ್ಮೆ ಎಳೆಯೋದೇ ಒಳ್ಳೇದು. ಜಿಪಿಎಸ್ ತೋರಿಸೋದು ನೆಲದ ಮೇಲಿನ ವೇಗ, ನೀರಿನದ್ದಲ್ಲ. ಹಾಗಾಗಿ ಪ್ರವಾಹ ಜೋರಿದ್ದರೆ ಎದುರುಬದುರು ದಿಕ್ಕಿನಲ್ಲಿ ಒಂದೊಂದು ಎಳೆತ ಮಾಡಿ ಹೋಲಿಸಿ.

ಕಟ್ಟಿಕೊಂಡ ಬಲೆಯ ಮುಂದೆ ನೀರು ಒತ್ತಿ ಪಕ್ಕಕ್ಕೆ ಸರಿಯುತ್ತೆ. ಟೆಮೋರಾದ ಮೀಸೆಯ ರೋಮಗಳು ಆ ಅಲುಗಾಟವನ್ನು ತಕ್ಷಣ ಹಿಡೀತವೆ, ವಯಸ್ಕಗಳು ಹಾರಿ ತಪ್ಪಿಸಿಕೊಳ್ತವೆ. ಇತ್ತ ಬಲೆಯ ಕಣ್ಣು ಕಿರಿದಾಗಿರೋದರಿಂದ ಸಾಮಾನ್ಯವಾಗಿ ಜಾರಿಹೋಗುವ ಎಳೆಯವು ಉಳಿದುಬಿಡ್ತವೆ. ಫಲಿತಾಂಶ ಎರಡೂ ಕಡೆಯಿಂದ ತಿರುಚಿದ್ದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಟ್ರೈಕೊಡೆಸ್ಮಿಯಂ ಎಂಬ ನೀಲಿ-ಹಸಿರು ಪಾಚಿ ಹಬ್ಬಿದಾಗ, ಮಳೆಗಾಲದಲ್ಲಿ ಕೆಸರು ಮತ್ತು ಡಯಾಟಮ್ ಲೋಳೆಯಿಂದ ಇದು ಆಗೋದು ಜಾಸ್ತಿ. ಆಗ 5 ನಿಮಿಷದ ಎಳೆತವನ್ನು 2ಕ್ಕೆ ಇಳಿಸಿ. ಪ್ರತಿ ಎಳೆತದ ಮೇಲೂ ಬಲೆಯನ್ನು ಹೊರಗಿನಿಂದ ನೀರು ಹೊಡೆದು ತೊಳೀರಿ, ಒಳಗಿನಿಂದ ಹೊಡೆದರೆ ಹೊರಗಿನ ನೀರಿನಲ್ಲಿರುವ ಪ್ರಾಣಿಗಳೂ ಮಾದರಿಗೆ ಸೇರ್ತವೆ.

ಫ್ಲೋಮೀಟರನ್ನು ಬಾಯಿಯ ಸರಿ ಮಧ್ಯಕ್ಕೆ ಕಟ್ಟಬೇಡಿ, ಮಧ್ಯಕ್ಕೂ ಅಂಚಿಗೂ ನಡುವೆ ಇರಲಿ. ಓದನ್ನು ಬಲೆ ನೀರಿಗೆ ಇಳಿಯುವ ಕ್ಷಣದಲ್ಲೇ ಬರೆದುಕೊಳ್ಳಿ. ಗಾಳಿಯಲ್ಲಿ ತೂಗುವಾಗ ರೋಟರ್ ಸುಮ್ಮನೆ ತಿರುಗಿ ನೂರಾರು ಎಣಿಕೆ ಸೇರಿಸಿಬಿಡುತ್ತೆ.

ಹಳೆಯ ಅಂಕಿಗಳೊಂದಿಗೆ ಹೋಲಿಸೋ ಯೋಚನೆ ಇದ್ದರೆ ಇದನ್ನು ಗಮನಿಸಿ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದಲ್ಲಿ ಬಳಸಿದ್ದು 113 ಸೆಂ.ಮೀ. ಬಾಯಿಯ, ಸುಮಾರು 330 ಮೈಕ್ರಾನ್ ಕಣ್ಣಿನ ಬಲೆ, 200 ಮೀಟರ್ ಆಳದಿಂದ ಲಂಬ ಎಳೆತ. ನಿಮ್ಮ 15 ಮೀಟರ್ ಜಾಗಕ್ಕೆ ಆ ಎಳೆತ ಅನ್ವಯಿಸೋದೇ ಇಲ್ಲ. ವಯಸ್ಕ ಟೆಮೋರಾ ಆ ಕಣ್ಣಿಗೂ ನಿಲ್ಲುತ್ತೆ, ಎಳೆಯ ಹಂತಗಳು ನಿಲ್ಲಲ್ಲ. 200 ಮೈಕ್ರಾನ್‌ನಲ್ಲೂ ನಾಪ್ಲಿಯಸ್, ಮೊದಲ ಕೋಪೆಪೊಡೈಟ್‌ಗಳು ಹೋಗಿಬಿಡ್ತವೆ. ಅವು ಬೇಕಿದ್ದರೆ 60ರಿಂದ 100 ಮೈಕ್ರಾನ್‌ನ ಇನ್ನೊಂದು ಬಲೆ ಬೇಕು.

---

ಅಳಿವೆ

ತುಂಬಾ ಧನ್ಯವಾದಗಳು. ಪ್ಲಾಸ್ಟಿಸಿನ್ ಇಟ್ಟು ಉರುಳಿಸಿ ನೋಡಿದೆ. ದೊಡ್ಡವೆಲ್ಲ ಮೂರೂ ಕಡೆಯಿಂದ ದುಂಡು ಮೂಲೆ, ಗಂಡಿನ ಎಡಗಾಲು ಇಕ್ಕಳ ಇದೆ. ಆದರೆ 1.1 ಮಿ.ಮೀ. ಆಸುಪಾಸಿನ ಗುಂಪೊಂದು ಉಳಿದಿದೆ. ಐದನೇ ಕಾಲು ಮೊಂಡು, ಮೀಸೆಯಲ್ಲಿ ಕೀಲು ಇಲ್ಲ, ಜನನಖಂಡದಲ್ಲಿ ಉಬ್ಬು ಇಲ್ಲ, ಕೆಲವಕ್ಕೆ ಮೂಲೆ ಸ್ವಲ್ಪ ಚೂಪು. ಇವನ್ನು ಡಿಸ್ಕಾಡೇಟಾ ಎನ್ನಲೇ? ಡಿಎನ್‌ಎ ಮಾಡಿಸಲು ಈ ಮಾದರಿ ಆಗುತ್ತದೆಯೇ?

---

ಸೂಜಿಮೊನೆ

ಅವು ಕೋಪೆಪೊಡೈಟ್‌ಗಳು, ಬಹುಶಃ ಐದನೇ ಹಂತ. ವಯಸ್ಕಗಳಿಗೆ ಹೇಳಿದ ಮೂಲೆಯ ಲಕ್ಷಣವನ್ನು ಎಳೆಯವಕ್ಕೆ ಅನ್ವಯಿಸಬೇಡಿ. ಎಣಿಕೆ ಹಾಳೆಯಲ್ಲಿ ಮೂರು ಕಂಬಸಾಲು ಮಾಡಿ: ಟರ್ಬಿನೇಟಾ ಹೆಣ್ಣು, ಟರ್ಬಿನೇಟಾ ಗಂಡು, ಟೆಮೋರಾ ಕೋಪೆಪೊಡೈಟ್. ಮೂರನೆಯದಕ್ಕೆ ಪ್ರಭೇದದ ಹೆಸರು ಬೇಡ. ವಯಸ್ಕಗಳ ಅನುಪಾತ ನೋಡಿ ಎಳೆಯವನ್ನೂ ಹಂಚುವವರಿದ್ದಾರೆ. ಎರಡು ಪ್ರಭೇದ ಒಂದೇ ಬಾಟಲಿಯಲ್ಲಿದ್ದು ಒಂದು ಈಗಷ್ಟೇ ಸಂತಾನ ಬಿಟ್ಟಿದ್ದರೆ ಆ ಹಂಚಿಕೆ ಪೂರ್ತಿ ತಲೆಕೆಳಗಾಗುತ್ತದೆ, ಮಾಡಬೇಡಿ.

ಫಾರ್ಮಲಿನ್ ಮಾದರಿಯಿಂದ ಒಳ್ಳೆಯ ಡಿಎನ್‌ಎ ನಿರೀಕ್ಷಿಸಬೇಡಿ. ಮುಂದಿನ ಸಲ ಎಳೆದ ತಕ್ಷಣ ದೋಣಿಯಲ್ಲೇ ಮಾದರಿಯನ್ನು ಎರಡು ಪಾಲು ಮಾಡಿ. ಒಂದಕ್ಕೆ ಮಾಮೂಲಿ ಫಾರ್ಮಲಿನ್: ಮಾರುಕಟ್ಟೆಯ ಗಾಢ ದ್ರಾವಣ 1 ಭಾಗ, ಮಾದರಿ ಇರುವ ಸಮುದ್ರದ ನೀರು 9 ಭಾಗ. ಗಾಢ ದ್ರಾವಣಕ್ಕೆ ಮುಂಚೆಯೇ ಲೀಟರಿಗೆ 20 ಗ್ರಾಂನಂತೆ ಬೊರಾಕ್ಸ್ ಬೆರೆಸಿಡಿ, ಇಲ್ಲದಿದ್ದರೆ ಆಮ್ಲೀಯವಾಗಿ ಅದೇ ಬಾಟಲಿಯ ಟೆರೊಪಾಡ್ (ತೇಲುವ ಕಡಲ ಬಸವನಹುಳು), ಚಿಪ್ಪಿನ ಮರಿಗಳ ಕವಚ ಕರಗುತ್ತದೆ. ಇನ್ನೊಂದು ಪಾಲನ್ನು ಜರಡಿಯಲ್ಲಿ ನೀರು ಬಸಿದು 95% ಇಥೆನಾಲ್‌ಗೆ ಹಾಕಿ, 24 ಗಂಟೆಯೊಳಗೆ ಹೊಸ ಇಥೆನಾಲ್‌ಗೆ ಬದಲಿಸಿ. ಪ್ರಾಣಿಗಳ ಮೈಯ ನೀರು ಸೇರಿ ಮೊದಲ ಇಥೆನಾಲ್ ತೆಳುವಾಗಿರುತ್ತದೆ, ಅದರಲ್ಲೇ ಬಿಟ್ಟರೆ ಡಿಎನ್‌ಎ ಚೂರಾಗುತ್ತದೆ. ಎರಡಕ್ಕೂ ಒಂದೇ ನಿಯಮ: ಪ್ಲವಕದ ಗಾತ್ರ ಬಾಟಲಿಯ ಕಾಲು ಭಾಗ ಮೀರಬಾರದು.

---

ಪಡುಗಡಲು

ಆ ಕೋಪೆಪೊಡೈಟ್ ಸಾಲನ್ನು ಜನವರಿ ಬಾಟಲಿಗಳಿಗೂ ತುಂಬಿ. ವಯಸ್ಕ ಒಂದೂ ಇಲ್ಲದೆ ಎಳೆಯವು ನಾಲ್ಕಾರು ಸಿಕ್ಕರೂ ಅಲ್ಲೇ ಎಲ್ಲೋ ಮೊಟ್ಟೆ ಇಡುವ ಗುಂಪು ಇದೆ ಎಂದಾಯಿತು. ಆಗ "ಇಲ್ಲ" ಎಂಬ ಪದವನ್ನು ನಿಮ್ಮ ಕೋಷ್ಟಕದಿಂದ ತೆಗೆಯಬಹುದು. ಜನವರಿ ಮಾದರಿಯನ್ನು ಭಾಗ ಮಾಡದೆ ಪೂರ್ತಿ ನೋಡಿ, ಅಪರೂಪಕ್ಕೆ ಇರುವ ಪ್ರಾಣಿ 1/16 ಭಾಗದಲ್ಲಿ ಸಿಗದೇ ಹೋಗುವ ಸಂಭವವೇ ಹೆಚ್ಚು.